ರ‍್ಯಾಂಪ್ ಐತೆ, ಒಳಗೆ ಜಾಗ ಐತಾ?

ಏಪ್ರಿಲ್ ರಜೆ ಬಂತು ಅಂದ್ರೆ ಸಾಕು, ನಮ್ಮ ಕಡೆ ಮದುವೆ ಮನೆ ಇರಲಿ, ಗೃಹಪ್ರವೇಶ ಇರಲಿ, ಹೆಂಗಸರು ಸೇರಿದ ಕಡೆ ಒಂದೇ ಮಾತು. "ಹುಡುಗನ್ನ ಯಾವ ಸ್ಕೂಲಿಗೆ ಹಾಕ್ತೀರಿ?" ಆಮೇಲೆ ಶುರುವಾಗೋದು ಬಸ್ಸಿನ ಲೆಕ್ಕ, ಟೈ-ಬೂಟಿನ ಲೆಕ್ಕ, ಡೊನೇಷನ್ ಲೆಕ್ಕ. ಮನೆ ಮುಂದೆ ವ್ಯಾನ್ ಬರ್ತದಾ, ಮಕ್ಕಳು ಇಂಗ್ಲಿಷ್ ಮಾತಾಡ್ತಾವಾ, ಸಿಸಿ ಕ್ಯಾಮೆರಾ ಹಾಕ್ಸಿದಾರಾ. ಒಬ್ಬರಾದ್ರೂ "ಒಂದು ಕ್ಲಾಸಿನಾಗೆ ಎಷ್ಟು ಮಕ್ಕಳು? ಹಿಂದೆ ಬಿದ್ದ ಮಗೂನ ಏನ್ ಮಾಡ್ತಾರೆ?" ಅಂತ ಕೇಳಿದ್ದು ಇವತ್ತಿನವರೆಗೆ ನನ್ನ ಕಿವಿಗೆ ಬಿದ್ದಿಲ್ಲ.

ನಾನು ಹುಟ್ಟಿ ಬೆಳೆದಿದ್ದು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ, ಸೂಳೆಕೆರೆ ಮಗ್ಗುಲ ಊರು. ಈಗ ಇರೋದು ದಾವಣಗೆರೆ. ಹಳ್ಳಿ ಶಾಲೆನೂ ನೋಡಿದೀನಿ, ಪ್ಯಾಟೆ ಶಾಲೆನೂ ನೋಡಿದೀನಿ. ಎರಡನ್ನೂ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳೋ ಶಾಲೆ ಯಾವುದು ಅಂತ ಗೊತ್ತಾಗೋದು ಗೇಟಿನ ಹತ್ರ ಅಲ್ಲ, ಕ್ಲಾಸಿನ ಒಳಗೆ. ಮಕ್ಕಳನ್ನ ಹೆಂಗೆ ಕೂರಿಸ್ತಾರೆ, ಯಾರ ಜತೆ ಯಾರನ್ನ ಹಾಕ್ತಾರೆ, ಟೀಚರ್ ಯಾರ ಹತ್ರ ಎಷ್ಟೊತ್ತು ಕೂರ್ತಾರೆ ಅನ್ನೋದರ ಮೇಲೆ ಎಲ್ಲ ನಿಂತೈತೆ.

ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ನನ್ನ ತಂಗಿ ಮಗನಿಗೆ ಕಿವಿ ಮಂದ. ಎರಡೂ ಕಿವಿಗೆ ಮಷೀನು. ಮಾತು ಬಂದಿದ್ದು ತಡ. ಅವನಿಗೆ ಆರು ವರ್ಷ ಆದಾಗ ನಾನೂ ತಂಗೀನೂ ಒಂದು ಪ್ರೈವೇಟ್ ಸ್ಕೂಲಿಗೆ ಹೋಗಿದ್ವಿ. ಹೆಸರು ಬೇಡ. ಒಳ್ಳೆ ಕಟ್ಟಡ. ಬಾಗಿಲಾಗೆ ರ‍್ಯಾಂಪು, ಅದಕ್ಕೆ ಹಿಡ್ಕೊಳ್ಳಾಕೆ ಸ್ಟೀಲ್ ಕಂಬಿ. ಗೋಡೆ ಮೇಲೆ ಎಲ್ಲ ಮಕ್ಕಳೂ ಕೈ ಕೈ ಹಿಡ್ಕೊಂಡಿರೋ ಚಿತ್ರ. ಆಫೀಸಿನಾಗಿದ್ದ ಮೇಡಂ ಬಾಳ ನಯವಾಗೇ ಮಾತಾಡಿದ್ರು. "ನಮ್ಮಲ್ಲಿ ಒಂದು ಸೆಕ್ಷನ್‌ಗೆ ನಲವತ್ತೈದು ಮಕ್ಕಳಿದಾರಮ್ಮ. ನಿಮ್ಮ ಹುಡುಗನಿಗೆ ಅಂತ ಟೀಚರ್ ನಿಲ್ಲೋಕಾಗಲ್ಲ. ಅವನಿಗೇ ಕಷ್ಟ ಆಗುತ್ತೆ. ಇಂಥ ಮಕ್ಕಳಿಗೆ ಬೇರೆ ಸ್ಕೂಲ್ ಇರ್ತಾವಲ್ಲ, ವಿಚಾರಿಸಿ ನೋಡಿ." ತಂಗಿ ಆಟೋ ಹತ್ತೋವರೆಗೂ ಮಾತಾಡಲಿಲ್ಲ. ಹತ್ತಿದ ಮೇಲೆ ಕೇಳಿದ್ಲು, "ಅಕ್ಕ, ಮತ್ತೆ ಆ ರ‍್ಯಾಂಪು ಯಾರಿಗೆ ಅಂತ ಕಟ್ಸಿದಾರೆ?"

ರ‍್ಯಾಂಪು ಯಾಕೆ ಕಟ್ಟಿಸ್ತಾರೆ ಅನ್ನೋದಕ್ಕೆ ಉತ್ತರ ಕಾನೂನಿನಾಗೆ ಐತೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ನಾವು ಆರ್‌ಟಿಇ ಅನ್ನೋದು, ಶಾಲೆ ಅಂದ್ರೆ ಏನೇನು ಇರಬೇಕು ಅಂತ ಪಟ್ಟಿ ಮಾಡೈತೆ. ಮೇಷ್ಟ್ರಿಗೊಂದರಂತೆ ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯೋ ನೀರು, ಆಟದ ಬಯಲು, ಕಾಂಪೌಂಡು, ಪುಸ್ತಕ, ಜತೆಗೆ ಯಾವ ಮಗುವಿಗೂ ಅಡ್ಡಿ ಇಲ್ಲದಂಗೆ ಒಳಗೆ ಬರೋ ದಾರಿ. ಪಟ್ಟಿನಾಗೆ ಇರೋದನ್ನ ತೋರಿಸಬೇಕಲ್ಲ, ಅದಕ್ಕೆ ರ‍್ಯಾಂಪು. ಆದರೆ ಕಾನೂನು ಅಲ್ಲಿಗೇ ನಿಂತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದಾಗ, ಮೊದಲು ಏಳು ಇದ್ದ ವೈಕಲ್ಯದ ಪಟ್ಟಿ 21 ಆಯ್ತು. ಸರ್ಕಾರದ ದುಡ್ಡು ತಗೊಳ್ಳೋ ಶಾಲೆ ಇರಲಿ, ಬರೀ ಮಾನ್ಯತೆ ತಗೊಂಡಿರೋ ಶಾಲೆ ಇರಲಿ, ಭೇದ ಮಾಡದೆ ಇಂಥ ಮಕ್ಕಳನ್ನ ಸೇರಿಸಿಕೊಂಡು ಉಳಿದವರ ಜತೆಗೇ ಕಲಿಸೋ ಹಂಗೆ ಸರ್ಕಾರ ನೋಡ್ಕೋಬೇಕು ಅಂತ ಅದರಾಗೆ ಐತೆ. ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯ ಇರೋ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆನಾಗೋ ವಿಶೇಷ ಶಾಲೆನಾಗೋ ಉಚಿತವಾಗಿ ಓದೋ ಹಕ್ಕು ಐತೆ. ಯಾವುದು ಅನ್ನೋ ಆಯ್ಕೆ ಮಗುವಿನ ಕಡೆಯವರದು, ಆಫೀಸಿನ ಮೇಡಂದಲ್ಲ.

ಇದೇನು ನಮ್ಮ ದೇಶದ ಹೊಸ ಹುಚ್ಚೂ ಅಲ್ಲ. 1994ರಲ್ಲಿ ಸ್ಪೇನ್ ದೇಶದ ಸಾಲಮಾಂಕ ಅನ್ನೋ ಊರಾಗೆ 92 ಸರ್ಕಾರಗಳು ಸೇರಿ, ಸಾಮಾನ್ಯ ಶಾಲೆಗಳೇ ಎಲ್ಲ ಮಕ್ಕಳಿಗೂ ಜಾಗ ಮಾಡಿಕೊಡಬೇಕು ಅಂತ ಒಪ್ಪಿಕೊಂಡಿದ್ವು. ಅಷ್ಟು ವರ್ಷ ಆದ್ರೂ ನಮ್ಮಲ್ಲಿ ಜಾಗ ಅಂದ್ರೆ ಸೀಟು ಅಂತಲೇ ಲೆಕ್ಕ.

ಕಡೆಗೆ ನಮ್ಮ ಹುಡುಗ ಸೇರಿದ್ದು ತಂಗಿ ಮನೆಗೆ ಎರಡು ಬೀದಿ ಆಚೆ ಇರೋ ಸರ್ಕಾರಿ ಶಾಲೆಗೆ. ನನ್ನ ಮೈದುನ ಸಿಡುಕಿದ. "ಒಂದೇ ಕೋಣೆಗೆ ಮೂರು ಕ್ಲಾಸು ತುಂಬಿದಾರೆ, ಅದೇನ್ ಶಾಲೆನೋ ಕುರಿ ದೊಡ್ಡಿನೋ." ನೀವೂ ಯಾವುದಾದ್ರೂ ಸರ್ಕಾರಿ ಶಾಲೆ ಬಾಗಿಲಾಗೆ ನಿಂತು ಹಿಂಗೇ ಅಂದಿರಬಹುದು. ಅದಕ್ಕೇ ಅದೇನು ಅಂತ ಬಿಡಿಸಿ ಹೇಳ್ತೀನಿ.

ಅದರ ಹೆಸರು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯವರು ನಡೆಸೋ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆನಾಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂರ್ತಾವೆ. ಗುಂಪನ್ನ 'ತಟ್ಟೆ' ಅಂತಾರೆ. ಒಂದು ತಟ್ಟೆನಾಗೆ ಟೀಚರ್ ಪೂರ್ತಿ ಜತೆಗೆ ಕೂತು ಹೇಳಿಕೊಡ್ತಾರೆ. ಇನ್ನೊಂದರಾಗೆ ಅರ್ಧ ಸಹಾಯ ಮಾಡಿ ಬಿಡ್ತಾರೆ. ಮತ್ತೊಂದರಾಗೆ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡ್ತಾವೆ. ಕಡೇದರಾಗೆ ಮಗು ತಾನೇ ಮಾಡಿ ತೋರಿಸಬೇಕು. ಪಾಠ ಇರೋದು ಪುಟ್ಟ ಪುಟ್ಟ ಕಾರ್ಡಿನಾಗೆ. ಕಾರ್ಡಿನ ಮೇಲೆ ಗುರುತಿಗೆ ಅಂತ ಚಿತ್ರ ಇರ್ತದೆ. ಯಾವ ಕಾರ್ಡು ಮುಗಿದ ಮೇಲೆ ಯಾವುದು ಅನ್ನೋದು ಗೋಡೆ ಮೇಲಿನ ಕಲಿಕೆ ಏಣಿನಾಗೆ. ಮಗು ತನ್ನ ಮೆಟ್ಟಿಲು ತಾನೇ ನೋಡ್ಕೊಂಡು, ತನ್ನ ಕಾರ್ಡು ತಾನೇ ತಗೊಂಡು, ತನ್ನ ತಟ್ಟೆಗೆ ಹೋಗಿ ಕೂರ್ತದೆ. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಬರೆದಿದ್ದು ಮಾಡಿದ್ದು ಎಲ್ಲ ನೇತು ಹಾಕಿರ್ತಾರೆ. ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ.

ಹೊರಗಿಂದ ನೋಡಿದ್ರೆ ಸಂತೆ. ಒಂದರ್ಧ ಗಂಟೆ ಕೂತು ನೋಡಿದ್ರೆ ನಮ್ಮ ದೊಡ್ಡ ಮನೆಗಳು ನೆನಪಿಗೆ ಬರ್ತಾವೆ. ಕೂಡು ಕುಟುಂಬದಾಗೆ ಆರು ವರ್ಷದೋರೆಲ್ಲ ಈ ಕೋಣೆ, ಏಳು ವರ್ಷದೋರೆಲ್ಲ ಆ ಕೋಣೆ ಅಂತ ಯಾರು ಬೇರೆ ಮಾಡಿದ್ರು? ದೊಡ್ಡ ಹುಡುಗಿ ಚಿಕ್ಕೋನಿಗೆ ಉಣ್ಣಾಕೆ ಕಲಿಸೋಳು, ಚಿಕ್ಕೋನು ಅವಳನ್ನ ನೋಡಿ ಜಡೆ ಹಾಕಾಕೂ ಕಲಿಯೋನು. ಯಾವ ಮಗು ಯಾವಾಗ ನಡೆದ್ರೂ ಅವ್ವ "ನಿನ್ನ ವಾರಗೆಯವರು ಓಡ್ತಿದಾರೆ, ನೀನು ಫೇಲು" ಅಂತಿರಲಿಲ್ಲ.

ನಮ್ಮ ಹುಡುಗನಿಗೆ ಇದರಿಂದ ಆದ ಉಪಕಾರ ಒಂದನ್ನ ಹೇಳ್ಲೇಬೇಕು. ಅವನನ್ನ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಆಗಾಗ ಕರ್ಕೊಂಡು ಹೋಗಬೇಕು. ಒಂದು ಸಲ ಹೋದ್ರೆ ಓಡಾಟ, ಪರೀಕ್ಷೆ, ಮಷೀನು ಸರಿ ಮಾಡಿಸೋದು ಅಂತ ದಿನಗಟ್ಟಲೆ ಶಾಲೆ ತಪ್ಪುತ್ತೆ. ಸಾಲಿನಾಗೆ ಕೂರಿಸಿ ಪಾಠ ಮಾಡೋ ಕ್ಲಾಸಾಗಿದ್ರೆ, ಇವನು ವಾಪಸ್ ಬರೋ ಹೊತ್ತಿಗೆ ಎರಡು ಪಾಠ ಮುಂದೆ ಹೋಗಿರೋದು. ಇವನು ಬಿಟ್ಟ ಜಾಗ ಹುಡುಕ್ತಾ ಹಿಂದಿನ ಬೆಂಚಿಗೆ ಸರೀತಿದ್ದ. ಇಲ್ಲಿ ಹಂಗಾಗಲಿಲ್ಲ. ಬಂದ ದಿನ ಏಣಿ ನೋಡಿದ, ತಾನು ನಿಲ್ಲಿಸಿದ ಕಾರ್ಡು ಎತ್ತಿಕೊಂಡ, ಕೂತ. ಯಾರೂ ಅವನನ್ನ "ಹಿಂದೆ ಬಿದ್ದೋನು" ಅನ್ನಲಿಲ್ಲ, ಯಾಕಂದ್ರೆ ಆ ಕೋಣೆನಾಗೆ ಎಲ್ಲರೂ ಒಂದೊಂದು ಮೆಟ್ಟಿಲ ಮೇಲೆ ಇರೋರೇ. ಕೂಲಿಗೆ ಅಂತ ಗುಳೆ ಹೋಗಿ ಬರೋರ ಮಕ್ಕಳಿಗೂ, ಅಡಿಕೆ ಸುಲಿಯೋ ಕಾಲದಾಗೆ ಮನೇಲಿ ಉಳಿಯೋ ಮಕ್ಕಳಿಗೂ, ಜ್ವರ ಬಂದು ಮಲಗಿದ ಮಗುವಿಗೂ ಇದೇ ಅನುಕೂಲ. ಒಬ್ಬನಿಗೆ ಅಂತ ಮಾಡಿದ ಏರ್ಪಾಡಲ್ಲ ಇದು, ಎಲ್ಲರಿಗೂ ಇರೋ ಏರ್ಪಾಡಿನಾಗೆ ಅವನಿಗೂ ಜಾಗ ಸಿಕ್ಕಿತು.

ಇನ್ನು ಸೌಕರ್ಯದ ಮಾತು. ದುಡ್ಡು ಹಾಕಿ ಕಟ್ಟಿಸೋದು ಎಷ್ಟೋ ಕಡೆ ಅರ್ಧಕ್ಕೇ ನಿಲ್ಲುತ್ತೆ. ರ‍್ಯಾಂಪು ಜಗಲಿವರೆಗೆ ಬಂದಿರ್ತದೆ, ಜಗಲಿಯಿಂದ ಕೋಣೆಗೆ ಹೊಸ್ತಿಲು ಹಂಗೇ ಇರ್ತದೆ. ಶೌಚಾಲಯ ಇರ್ತದೆ, ಬೀಗದ ಕೈ ಆಫೀಸಿನಾಗೆ ಇರ್ತದೆ. ಗಾಲಿ ಕುರ್ಚಿ ಒಳಗೆ ಹೋಗೋ ಅಗಲ ಬಾಗಿಲಿಗೆ ಇರಲ್ಲ, ಒಳಗೆ ಹೋದ್ರೂ ನಲ್ಲಿನಾಗೆ ನೀರಿರಲ್ಲ. ಇದನ್ನ ನೋಡಾಕೆ ಇಂಜಿನಿಯರ್ ಬೇಕಿಲ್ಲ. ಮನೇಲಿ ಮಂಡಿ ನೋವಿನ ಅತ್ತೇನ ನೋಡ್ಕೊಂಡ ಸೊಸೆ ಒಂದು ಸುತ್ತು ಹಾಕಿದ್ರೆ ಎಲ್ಲ ಕಾಣ್ತದೆ.

ದುಡ್ಡೇ ಬೇಡದ ಸೌಕರ್ಯಗಳೂ ಅದಾವೆ. ಕಿವಿ ಮಂದ ಇರೋ ಮಗು ಅರ್ಧ ಮಾತನ್ನ ತುಟಿ ನೋಡಿ ತಿಳ್ಕೊಳ್ತದೆ. ಟೀಚರ್ ಕಿಟಕಿಗೆ ಬೆನ್ನು ಹಾಕಿ ನಿಂತ್ರೆ ಬೆಳಕು ಹಿಂದಿಂದ ಬಂದು ಮುಖ ಕಪ್ಪಗೆ ಕಾಣ್ತದೆ, ತುಟಿ ಕಾಣಲ್ಲ. ಕಿಟಕಿ ಕಡೆ ಮುಖ ಮಾಡಿ ನಿಂತ್ರೆ ಸಾಕು. ಬೋರ್ಡಿನ ಕಡೆ ತಿರುಗಿ ಬರೀತಾ ಬರೀತಾ ಮಾತಾಡಬಾರದು. ತಗಡಿನ ಸೂರಾದ್ರೆ ಮಳೆ ಬಂದಾಗ ಮಷೀನು ಹಾಕ್ಕೊಂಡ ಕಿವಿಗೆ ಬರೀ ಗದ್ದಲ, ಆಗ ಬರೆಯೋ ಕೆಲಸ ಕೊಡಬೇಕು. ಇಷ್ಟನ್ನ ನಮ್ಮ ಹುಡುಗನ ಟೀಚರಿಗೆ ಹೇಳಿಕೊಟ್ಟೋರು ತಾಲ್ಲೂಕಿನಿಂದ ಬರೋ ಸಂಪನ್ಮೂಲ ಶಿಕ್ಷಕರು. ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತಲೇ ಇರೋರು ಅವರು. ಶಾಲೆಗೆ ಬರಾಕೇ ಆಗದ ಮಕ್ಕಳ ಮನೆಗೂ ಹೋಗಿ ಕಲಿಸ್ತಾರೆ. ಆದರೆ ಒಂದು ತಾಲ್ಲೂಕಿಗೆ ಇಂಥೋರು ಇರೋದೇ ಬೆರಳೆಣಿಕೆ ಮಂದಿ, ಶಾಲೆಗಳು ನೂರಾರು. ಬಂದ ದಿನ ಹಬ್ಬ, ಮುಂದಿನ ಹಬ್ಬ ಯಾವಾಗಲೋ.

ಮೌಲ್ಯ ಅಂತ ದೊಡ್ಡ ದೊಡ್ಡ ಮಾತು ಗೋಡೆಗೆ ಬರೆಸ್ತಾರಲ್ಲ, ಅದರ ಬಗ್ಗೆ ನನ್ನದೊಂದು ಸಣ್ಣ ಮಾತು. ಮಗುವಿನ ಮನೆ ಮಾತಿಗೆ ಶಾಲೆ ಏನು ಮರ್ಯಾದೆ ಕೊಡ್ತದೆ ನೋಡಿ, ಉಳಿದ ಮೌಲ್ಯ ತಾನೇ ಗೊತ್ತಾಗ್ತದೆ. ನಮ್ಮೂರ ಕಡೆ ಒಂದು ಮನೇಲಿ ಕನ್ನಡ, ಪಕ್ಕದ ಮನೇಲಿ ಉರ್ದು, ತಾಂಡಾದಿಂದ ಬರೋ ಮಕ್ಕಳದು ಲಂಬಾಣಿ. ನೀರು ಕೇಳಾಕೆ ಒಬ್ಬಳು 'ಪಾನಿ' ಅಂತಾಳೆ, ಇನ್ನೊಬ್ಬ 'ಪಾಣಿ' ಅಂತಾನೆ, ಮತ್ತೊಬ್ಬ 'ನೀರ್' ಅಂತಾನೆ. ಮೂವರಿಗೂ ಬಾಯಾರಿಕೆ ಒಂದೇ. ಕನ್ನಡದ ಮಕ್ಕಳೂ "ಹೊಟ್ಟೆ ನೋಯ್ತೈತ್ರಿ ಮೇಷ್ಟ್ರೆ" ಅಂತಲೇ ಬರೋದು. ಅದಕ್ಕೆ "ನೋಯ್ತೈತೆ ಅಲ್ಲ, ನೋಯುತ್ತಿದೆ ಅನ್ನು" ಅಂತ ತಿದ್ದೋ ಮೇಷ್ಟ್ರೂ ಇರ್ತಾರೆ, ಮೊದಲು ಹೊಟ್ಟೆ ನೋವಿಗೆ ಏನು ಅಂತ ಕೇಳೋ ಮೇಷ್ಟ್ರೂ ಇರ್ತಾರೆ. ಬರವಣಿಗೆ ಕನ್ನಡ ಕಲಿಸಬೇಕು, ಬೇಡ ಅನ್ನಲ್ಲ. ಆದರೆ ಮೊದಲ ದಿನವೇ ಮನೆ ಮಾತು ತಪ್ಪು ಅಂದ್ರೆ ಆ ಮಗು ಬಾಯಿ ಮುಚ್ಚಿಕೊಂಡು ಬಿಡ್ತದೆ. ಕಿವಿ ಸರಿ ಇದ್ದೂ ಮೂಕ ಆಗ್ತದೆ.

ಇಡೀ ಶಾಲೆನಾಗೆ ನನಗೆ ಬಾಳ ಹಿಡಿಸೋ ಹೊತ್ತು ಮಧ್ಯಾಹ್ನದ ಊಟ. 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಆಮೇಲೆ ರಾಜ್ಯಕ್ಕೆಲ್ಲ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲೂ ಬಂತು. ಸಾಲಾಗಿ ಕೂತು ಉಣ್ಣೋವಾಗ ಯಾರಿಗೆ ಎಷ್ಟು ಮಾರ್ಕ್ಸು, ಯಾರು ಯಾವ ಕೇರಿ ಅಂತ ಜಾಗ ಇಡಲ್ಲ. ಕೈ ಸ್ವಾಧೀನ ಇಲ್ಲದ ಹುಡುಗಿ ತಟ್ಟೆನ ಪಕ್ಕದೋಳು ಹಿಡ್ಕೊಂಡಿರ್ತಾಳೆ, ಅದಕ್ಕೆ ಯಾರೂ ಹೆಸರಿಟ್ಟಿರಲ್ಲ. ಕ್ಲಾಸಿನಾಗೂ ಹಂಗೇ ಇರಬೇಕು ಅನ್ನೋದೇ ನನ್ನ ವಾದ.

ಈಗ ಎದುರು ಮಾತು. "ಅಲ್ಲ ಕಣ್ರೀ, ಇಂಥ ಮಕ್ಕಳ ಜತೆ ಹಾಕಿದ್ರೆ ನಮ್ಮ ಮಕ್ಕಳು ಹಿಂದೆ ಬೀಳಲ್ವಾ?" ಅಂತಾರೆ. ಚುರುಕಿರೋ ಮಗು ಏಣಿನಾಗೆ ಮುಂದೆ ಹೋಗಬಹುದು, ಯಾರೂ ಕಾಲು ಹಿಡಿದು ಎಳೆಯಲ್ಲ. ಮೇಲಾಗಿ, ಒಂದು ಲೆಕ್ಕ ಇನ್ನೊಬ್ಬರಿಗೆ ಹೇಳಿಕೊಟ್ಟ ಮಗುವಿಗೆ ಆ ಲೆಕ್ಕ ಮರೆಯಲ್ಲ. ರೊಟ್ಟಿ ಬಡಿಯೋದನ್ನ ಮಗಳಿಗೆ ಹೇಳಿಕೊಡೋವಾಗಲೇ ನಮಗೂ ನೀರು ಎಷ್ಟು, ಹಿಟ್ಟು ಎಷ್ಟು ಅನ್ನೋದು ಸರಿಯಾಗಿ ಗೊತ್ತಾಗೋದು. ಇನ್ನೊಂದು ಮಾತೂ ನ್ಯಾಯವಾಗೇ ಹೇಳಬೇಕು: ಎಲ್ಲ ಮಕ್ಕಳಿಗೂ ಇದೇ ಸರಿ ಅಂತಲ್ಲ. ಪೂರ್ತಿ ಕೇಳದ ಮಗುವಿಗೆ ಸಂಜ್ಞೆ ಭಾಷೆ ಆಡೋ ಗೆಳೆಯರು ಬೇಕು, ಅಂಥ ಮಗುವಿಗೆ ವಿಶೇಷ ಶಾಲೆನೇ ಹೆಚ್ಚು ಹಿತ ಅನಿಸಬಹುದು. ಅದನ್ನ ಮನೆಯವರು ಯೋಚನೆ ಮಾಡಿ ಆರಿಸ್ಕೋಬೇಕು. ಸೇರಿಸ್ಕೊಳ್ಳಾಕೆ ಬೇಜಾರು ಅಂತ ಶಾಲೆಯವರು ಆ ಕಡೆ ತಳ್ಳಬಾರದು.

ನಲಿ-ಕಲಿನ ಇಷ್ಟು ಹೊಗಳಿದೀನಿ ಅಂತ ಸರ್ಕಾರಕ್ಕೆ ಹಾರ ಹಾಕ್ತಿಲ್ಲ. ಮೂರು ಕ್ಲಾಸನ್ನ ಬೇಕಂತ ಯೋಚನೆ ಮಾಡಿ ಒಂದು ಕೋಣೆಗೆ ಸೇರಿಸೋದು ಬೇರೆ, ಮೇಷ್ಟ್ರಿಲ್ಲ ಅಂತ ಸೇರಿಸೋದು ಬೇರೆ. ಆರ್‌ಟಿಇ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳವರೆಗೂ ಇಬ್ಬರು ಮೇಷ್ಟ್ರು, 61ರಿಂದ 90ಕ್ಕೆ ಮೂವರು. ಅಂದ್ರೆ ಚಿಕ್ಕ ಶಾಲೆನಾಗೆ ಇಬ್ಬರೇ ಐದು ಕ್ಲಾಸು ನೋಡ್ಕೋಬೇಕು. ಅದರಾಗೆ ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಗಣತಿಗೋ ಹೋದ್ರೆ, ಉಳಿದೋರು ಐದನ್ನೂ ಕಾಯಬೇಕು. ಒಬ್ಬರೇ ಮೇಷ್ಟ್ರಿರೋ ಶಾಲೆಗಳು ರಾಜ್ಯದಾಗೆ ಸಾವಿರಗಟ್ಟಲೆ ಅದಾವೆ. ಆಗ ತಟ್ಟೆನೂ ಇಲ್ಲ, ಏಣಿನೂ ಇಲ್ಲ. ಕಾರ್ಡು ಡಬ್ಬಿನಾಗೇ ಉಳೀತಾವೆ, ಮಕ್ಕಳು ಮಗ್ಗಿ ಕೂಗ್ತಾ ಕೂರ್ತಾವೆ. ನನ್ನ ಮೈದುನ ಕುರಿ ದೊಡ್ಡಿ ಅಂದಿದ್ದು ಆ ಕೋಣೆಗಾದ್ರೆ ನಾನೂ ಒಪ್ತೀನಿ.

ಇನ್ನೊಂದು ತೊಡಕು ನಾಲ್ಕನೇ ಕ್ಲಾಸು. ಮೂರು ವರ್ಷ ನೆಲದ ಮೇಲೆ, ತನ್ನ ಓಟದಾಗೆ ಕಲಿತ ಮಗುವನ್ನ ನಾಲ್ಕನೆಯದಕ್ಕೆ ಬಂದ ಕೂಡಲೇ ಸಾಲಿನಾಗೆ ಕೂರಿಸಿ ಎಲ್ಲರಿಗೂ ಒಂದೇ ಪುಟ ತೆಗೆಸ್ತಾರೆ. ನಮ್ಮ ಹುಡುಗ ಮೊದಲ ತಿಂಗಳು ದಿನಾ ಸಂಜೆ ಮಷೀನು ತೆಗೆದಿಟ್ಟು ಗೋಡೆ ಕಡೆ ತಿರುಗಿ ಮಲಗ್ತಿದ್ದ. ಗುಂಪು ಮಾಡಿ ಕೂರಿಸೋದು, ಗೆಳೆಯರು ಹೇಳಿಕೊಡೋದು ನಾಲ್ಕು ಐದಕ್ಕೂ ಇದ್ರೆ ಏನು ಗಂಟು ಹೋಗ್ತದೆ?

ಕಡೇ ಮಾತು ನಮ್ಮಂಥೋರಿಗೆ, ಫೀಸು ಕಟ್ಟೋ ತಾಕತ್ತಿರೋರಿಗೆ. ಆರ್‌ಟಿಇನಾಗೆ ಖಾಸಗಿ ಶಾಲೆಗಳ ಶೇಕಡಾ 25ರಷ್ಟು ಸೀಟು ಬಡವರ ಮಕ್ಕಳಿಗೆ ಅಂತ ಐತೆ. 2019ರಿಂದ ನಮ್ಮ ರಾಜ್ಯದಾಗೆ ನಿಯಮ ಬದಲಾಗಿ, ಹತ್ತಿರದಾಗೆ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಆ ಸೀಟು ಸಿಗಲ್ಲ. ಪ್ಯಾಟೆನಾಗೆ ಸರ್ಕಾರಿ ಶಾಲೆ ಇಲ್ಲದ ಜಾಗ ಎಲ್ಲೈತೆ? ಹಂಗಾಗಿ ಬಡವರ ಮಗು, ವಲಸೆ ಬಂದೋರ ಮಗು, ಕಿವಿ ಕಣ್ಣು ಮಂದ ಇರೋ ಮಗು, ಎಲ್ಲ ಸರ್ಕಾರಿ ಶಾಲೆಗೆ. ಉಳಿದೋರು ವ್ಯಾನ್ ಹತ್ತಿ ಆ ಕಡೆಗೆ. ಹೇಳಾಕೆ ಅದು ಎಲ್ಲರನ್ನೂ ಸೇರಿಸ್ಕೊಳ್ಳೋ ಶಾಲೆ, ನಿಜಕ್ಕೂ ನೋಡಿದ್ರೆ ಬೇರೆ ದಾರಿ ಇಲ್ಲದೋರ ಶಾಲೆ. ಎಲ್ಲರೂ ಅಂದ್ರೆ ನಾವೂ ಸೇರಬೇಕಲ್ವಾ?

ಸರ್ಕಾರಿ ಶಾಲೆಗೆ ಕಳಿಸೋರು ಕಳಿಸಿ ಸುಮ್ಮನಾಗಬಾರದು. ಪ್ರತಿ ಶಾಲೆಗೂ ಎಸ್‌ಡಿಎಂಸಿ ಅಂತ ಸಮಿತಿ ಐತೆ, 2001ರಿಂದ. ಸಮಿತಿನಾಗೆ ಮುಕ್ಕಾಲು ಪಾಲು ತಂದೆ-ತಾಯಿಗಳೇ ಇರಬೇಕು, ಅರ್ಧ ಹೆಂಗಸರು ಇರಬೇಕು ಅಂತ ಆರ್‌ಟಿಇ ಹೇಳ್ತದೆ. ಎಷ್ಟೋ ಕಡೆ ಹೆಂಗಸರ ಹೆಸರು ಪುಸ್ತಕದಾಗೆ ಇರ್ತದೆ, ಮೀಟಿಂಗಿಗೆ ಹೋಗೋದು ಗಂಡ, ಸಹಿ ಹಾಕಿಸ್ಕೊಳ್ಳಾಕೆ ಪುಸ್ತಕ ಅಡುಗೆ ಮನೆಗೆ ಬರ್ತದೆ. ಮುಂದಿನ ಸಲ ಪುಸ್ತಕ ಬಂದ್ರೆ ಸಹಿ ಹಾಕಬೇಡ್ರಿ. ಸೆರಗಿಗೆ ಕೈ ಒರೆಸ್ಕೊಂಡು ನೀವೇ ಹೋಗ್ರಿ. ಸುಣ್ಣ ಬಣ್ಣದ ಲೆಕ್ಕ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು ಇವು: ಮೇಷ್ಟ್ರು ಎಷ್ಟು ಜನ, ಈ ತಿಂಗಳು ಎಷ್ಟು ದಿನ ಕ್ಲಾಸಿನಾಗೆ ಇದ್ರು? ತಟ್ಟೆ ನಡೀತಿದಾವಾ, ಕಾರ್ಡು ಡಬ್ಬಿಯಿಂದ ಹೊರಗೆ ಬಂದಾವಾ? ವಿಶೇಷ ಮಕ್ಕಳ ಶಿಕ್ಷಕರು ಕಡೇ ಸಲ ಯಾವಾಗ ಬಂದಿದ್ರು? ಶೌಚಾಲಯದ ಬೀಗದ ಕೈ ಯಾರ ಹತ್ರ ಐತೆ? ಕೇಳಿ ಆದ ಮೇಲೆ ಎದ್ದು ಬರಬೇಡಿ. ಕ್ಲಾಸಿನ ಒಂದು ಮೂಲೆನಾಗೆ ಅರ್ಧ ಗಂಟೆ ನೆಲದ ಮೇಲೆ ಕೂತು, ಯಾರ ಹತ್ರನೂ ಕೂರದ ಮಗು ಯಾವುದು ಅಂತ ನೋಡ್ಕೊಂಡು ಬನ್ನಿ.